ಹೋದ ವಾರ ಹಂಗ ಇರಲಿಲ್ಲಲ್ಲ!

ಧಾರಾವಾಹಿ ನೋಡುವವರಲ್ಲಿ ಎರಡು ಬಗೆ. ಕಂತು ಮುಗಿದೊಡನೆ ಟಿ.ವಿ. ಆರಿಸಿ ಎದ್ದು ಹೋಗುವವರು ಒಂದು ಬಗೆ. ಕಂತು ಮುಗಿದ ಮೇಲೇ ಕಟ್ಟೆಗೆ ಬಂದು ನಿಜವಾದ ಆಟ ಶುರು ಮಾಡುವವರು ಇನ್ನೊಂದು ಬಗೆ. 1997ರ ಸೆಪ್ಟೆಂಬರ್ 13ರ ಶನಿವಾರ ದೂರದರ್ಶನದಲ್ಲಿ 'ಶಕ್ತಿಮಾನ್' ಆರಂಭವಾಯಿತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಓಣಿಗಳಲ್ಲಿ ಎರಡನೆಯ ಬಗೆಯ ಮಕ್ಕಳಿಗೆ ಆಗ ಸುಗ್ಗಿಯೋ ಸುಗ್ಗಿ. "ಹೋದ ವಾರ ಹಂಗ ಇರಲಿಲ್ಲಲ್ಲಲೇ!" ಎಂದು ಒಬ್ಬ ಎದ್ದು ನಿಂತರೆ ಸಾಕು, "ಇತ್ತಲೇ, ನಿನ್ನ ಕಣ್ಣ ಎಲ್ಲಿದ್ದುವು?" ಎಂದು ಇನ್ನೊಬ್ಬ ಏಳುತ್ತಿದ್ದ. ಅವ್ವ ಊಟಕ್ಕೆ ಕರೆಯುವವರೆಗೆ ವಾದ ಮುಗಿಯುತ್ತಿರಲಿಲ್ಲ. ಕರೆದ ಮೇಲೂ ಮುಗಿಯುತ್ತಿತ್ತೆಂದು ಹೇಳಲಾಗದು.

ಅಭ್ಯಾಸ ಬಿಟ್ಟು ಇದೇನು ಹಚ್ಚಿದಿರಿ ಎಂದು ಹಿರಿಯರು ಗದರುತ್ತಿದ್ದುದು ಸಹಜವೇ. ಆದರೆ ಆ ಕಟ್ಟೆಯ ಮೇಲೆ ನಡೆಯುತ್ತಿದ್ದುದೂ ಒಂದು ಬಗೆಯ ಅಭ್ಯಾಸವೇ ಆಗಿತ್ತು. ಅದು ಯಾವ ಪಾಠಕ್ಕೆ ಸೇರಿದ್ದು ಎಂಬುದನ್ನು ಮಾತ್ರ ಯಾರೂ ಅವರಿಗೆ ಹೇಳಿಕೊಡಲಿಲ್ಲ.

ಶಕ್ತಿಮಾನ್ ನಡೆದದ್ದು 2005ರ ಮಾರ್ಚ್ 27ರವರೆಗೆ. ಏಳೂವರೆ ವರ್ಷ, ನಾನೂರಕ್ಕೂ ಮಿಕ್ಕಿ ಕಂತುಗಳು. ನಾಯಕನಾಗಿದ್ದವರು ಮುಕೇಶ್ ಖನ್ನಾ. ಅವರನ್ನು ಬಿ.ಆರ್. ಚೋಪ್ರಾ ಅವರ 'ಮಹಾಭಾರತ'ದಲ್ಲಿ ಕಂಡಿದ್ದ ಅಜ್ಜ ಅಜ್ಜಿಯರು, "ಇಂವ ಭೀಷ್ಮ ಅಲ್ಲೇನ? ಇವಗ ಈಗ ಏನ ಬಂತ?" ಎಂದು ಕೇಳಿದರೆ ಅದರಲ್ಲಿ ತಪ್ಪೇನೂ ಇರಲಿಲ್ಲ. ಪತ್ರಿಕೆಯೊಂದರಲ್ಲಿ ಕೆಲಸಕ್ಕಿರುವ ಪೆದ್ದುಮುಖದ ಪಂಡಿತ ಗಂಗಾಧರನೇ ಲೋಕವನ್ನು ಕಾಪಾಡುವ ವೀರ. ಅವನ ಶಕ್ತಿ ಬಂದದ್ದು ಯೋಗಸಾಧನೆಯಿಂದ, ಏಳು ಚಕ್ರಗಳಿಂದ, ಪಂಚಭೂತಗಳಿಂದ. ಅವನ ಎದುರಿಗೆ ಕತ್ತಲೆಯ ಒಡೆಯ ಕಿಲ್ವಿಷ್ ಮತ್ತು ಪ್ರಯೋಗಶಾಲೆಯಲ್ಲಿ ಏನೇನೋ ಹುಟ್ಟಿಸುವ ಡಾಕ್ಟರ್ ಜೈಕಾಲ್. ಅರ್ಧ ಪುರಾಣ, ಅರ್ಧ ವಿಜ್ಞಾನ ಕಥೆ. 1998ರಲ್ಲಿ ಬಂದ 'ಕ್ಯಾಪ್ಟನ್ ವ್ಯೋಮ್' ಶುದ್ಧ ವಿಜ್ಞಾನ ಕಥೆಯಾಗಿತ್ತು. ಆದರೆ ಮಕ್ಕಳ ಮನಸ್ಸು ಹಿಡಿದದ್ದು ಗಂಗಾಧರನೇ.

ಆಗಿನ ವಾದಗಳಿಗೆ ಒಂದು ವಿಶೇಷವಿತ್ತು. ಒಮ್ಮೆ ತಪ್ಪಿದ ಕಂತನ್ನು ಮತ್ತೆ ನೋಡುವ ದಾರಿ ಇರಲಿಲ್ಲ. ವಿಡಿಯೊ ರೆಕಾರ್ಡರ್ ಇದ್ದ ಮನೆಗಳು ಬೆರಳೆಣಿಕೆಯಷ್ಟು. ಕರೆಂಟು ಹೋಯಿತೆಂದರೆ ಆ ಓಣಿಗೆ ಆ ಕಂತು ಅಷ್ಟೇ. ಗಾಳಿಗೆ ಆಂಟೆನಾ ತಿರುಗಿದರೆ ಪರದೆಯ ತುಂಬ ಎಳ್ಳು ಚೆಲ್ಲಿದಂತೆ ಚುಕ್ಕೆ. ಮೇಲಾಗಿ ಮಾತೆಲ್ಲ ಹಿಂದಿ. ಅರ್ಧ ತಿಳಿದರೆ ಇನ್ನರ್ಧ ಊಹೆ. ಹೀಗಾಗಿ ಕಥೆಯನ್ನು ಸಾಕ್ಷಿಗಳ ಮೇಲೆ ಕಟ್ಟಬೇಕಾಗುತ್ತಿತ್ತು. ಒಬ್ಬ ಆರಂಭ ನೋಡಿದ್ದ, ಒಬ್ಬಳು ಕೊನೆ ನೋಡಿದ್ದಳು, ರಜೆಗೆ ಬಂದ ಸೋದರತ್ತೆಯ ಮಗ ಬೇರೆ ಊರಿನಲ್ಲಿ ಪೂರ್ತಿ ನೋಡಿದ್ದ. ಮೂವರ ಮಾತು ಒಂದಕ್ಕೊಂದು ಕೂಡದಿದ್ದರೆ ಯಾರದನ್ನು ನಂಬಬೇಕು? ಯಾರು ಟಿ.ವಿ. ಹತ್ತಿರ ಕೂತಿದ್ದರು? ಯಾರಿಗೆ ಹಿಂದಿ ಹೆಚ್ಚು ಬರುತ್ತದೆ? ಯಾರು ಹಿಂದೆ ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದಾರೆ? ಹಲವರು ನೋಡಿದ ಗ್ರಹಣದ ಅಥವಾ ಧೂಮಕೇತುವಿನ ವರದಿಗಳನ್ನು ಕೂಡಿಸಿ ಲೆಕ್ಕ ಹಿಡಿದ ಹಿಂದಿನ ಖಗೋಳಜ್ಞರೂ ಇಂಥ ಪ್ರಶ್ನೆಗಳನ್ನೇ ಕೇಳಬೇಕಾಗಿತ್ತು.

ಇಂಗ್ಲೆಂಡಿನ ಮಕ್ಕಳಿಗೂ ಇದೇ ಗತಿ ಬಂದಿತ್ತೆಂದರೆ ಈಗ ಆಶ್ಚರ್ಯವಾಗಬಹುದು. 1963ರ ನವೆಂಬರ್ 23ರಂದು ಬಿ.ಬಿ.ಸಿ.ಯಲ್ಲಿ ಆರಂಭವಾದ 'ಡಾಕ್ಟರ್ ಹೂ' ಜಗತ್ತಿನಲ್ಲೇ ಅತಿ ದೀರ್ಘಕಾಲ ನಡೆದ ವಿಜ್ಞಾನ ಕಥಾ ಧಾರಾವಾಹಿ. ಟೇಪು ದುಬಾರಿಯೆಂದು ಬಿ.ಬಿ.ಸಿ. 1960ರ ದಶಕದ ಎಷ್ಟೋ ಕಂತುಗಳನ್ನು ಅಳಿಸಿ ಹಾಕಿತು. ಇಂದಿಗೂ ಅವುಗಳಲ್ಲಿ ಹಲವು ಚಿತ್ರರೂಪದಲ್ಲಿ ಸಿಕ್ಕಿಲ್ಲ. ಆದರೆ ಧ್ವನಿ ಮಾತ್ರ ಎಲ್ಲವುಗಳದೂ ಉಳಿದಿದೆ. ಕಾರಣ, ಕೆಲವು ಅಭಿಮಾನಿಗಳು ಮನೆಯಲ್ಲಿ ಟಿ.ವಿ.ಯಿಂದ ಧ್ವನಿಯನ್ನು ಟೇಪಿಗೆ ಇಳಿಸಿಕೊಂಡಿದ್ದರು. ಸಂಸ್ಥೆ ಕಳೆದುಕೊಂಡದ್ದನ್ನು ಹುಚ್ಚರೆನಿಸಿಕೊಂಡವರು ಕಾಪಾಡಿದರು.

ಇನ್ನು ವಾದದ ತಿರುಳಿಗೆ ಬರೋಣ. ಕಟ್ಟೆಯ ಮೇಲೆ "ಇದು ಸುಳ್ಳ" ಎಂಬ ಒಂದೇ ಮಾತು ಮೂರು ಬೇರೆ ಬೇರೆ ಅರ್ಥದಲ್ಲಿ ಓಡಾಡುತ್ತಿತ್ತು. ಜಗಳ ಬಗೆಹರಿಯದಿರಲು ಅರ್ಧ ಕಾರಣ ಅದೇ. ಮನುಷ್ಯ ಬುಗುರಿಯಂತೆ ತಿರುಗಿ ಮೇಲೇರುವುದು ಸುಳ್ಳು ಎಂದು ಒಬ್ಬ ಹೇಳಿದರೆ ಅದು ನಿಸರ್ಗದ ನಿಯಮಕ್ಕೆ ಸಂಬಂಧಿಸಿದ ಮಾತು. ಲೆಕ್ಕ ಹಾಕಿಯೇ ನೋಡಬಹುದು. ಕೈ ಚಾಚಿದವನ ಬೆರಳ ತುದಿ ದೇಹದ ಅಕ್ಷದಿಂದ 80 ಸೆಂಟಿಮೀಟರ್ ದೂರ ಇದೆಯೆನ್ನಿ. ಸೆಕೆಂಡಿಗೆ 10 ಸುತ್ತು ತಿರುಗಿದರೆ ಆ ಬೆರಳ ತುದಿಯ ಕೇಂದ್ರಾಭಿಮುಖ ವೇಗೋತ್ಕರ್ಷ ಗುರುತ್ವದ ಸುಮಾರು 320 ಪಟ್ಟು! ರಕ್ತವೆಲ್ಲ ಬೆರಳಿಗೆ ನುಗ್ಗೀತು. ಅಷ್ಟಾದರೂ ಅವನು ಒಂದಂಗುಲವೂ ಮೇಲೇಳಲಾರ. ಮೇಲೇಳಬೇಕಾದರೆ ಗಾಳಿಯನ್ನು ಕೆಳಗೆ ತಳ್ಳಬೇಕು, ತಳ್ಳಲು ಫ್ಯಾನಿನಂಥ ಓರೆಯಾದ ರೆಕ್ಕೆ ಬೇಕು. ನ್ಯೂಟನ್ನನ ಮೂರನೆಯ ನಿಯಮ ವೀರರಿಗೆಂದು ರಿಯಾಯಿತಿ ಇಟ್ಟಿಲ್ಲ.

ಆದರೆ ಕಥೆಯ ಒಳಗೆ ನಿಂತು ನೋಡಿದರೆ ಅದು ಸುಳ್ಳಲ್ಲ. ಇವನಿಗೆ ಯೋಗದಿಂದ ಅಂಥ ದೇಹ ಬಂದಿದೆ ಎಂದು ಕಥೆ ಮೊದಲೇ ಹೇಳಿ ನಮ್ಮ ಒಪ್ಪಿಗೆ ಪಡೆದಿದೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಹೋದ ವಾರ ತಿರುಗದೆ ವೇಷ ಬದಲಾಗುತ್ತಿರಲಿಲ್ಲ ಎಂದಿದ್ದವರು ಈ ವಾರ ನಿಂತಲ್ಲೇ ಬದಲಾಯಿಸಿದರೆ? ಒಂದು ಕಂತಿನಲ್ಲಿ ಸೋಲಿಸಲಾಗದ ರಾಕ್ಷಸನನ್ನು ಮುಂದಿನ ಕಂತಿನಲ್ಲಿ ಕಾರಣವಿಲ್ಲದೆ ಒಂದೇ ಏಟಿಗೆ ಕೆಡವಿದರೆ? ಆಗ ಕಥೆ ಸುಳ್ಳು ಹೇಳಿದಂತಾಯಿತು. ನಿಸರ್ಗಕ್ಕಲ್ಲ, ತಾನೇ ಕೊಟ್ಟ ಮಾತಿಗೆ. ವಿಜ್ಞಾನ ಕಥೆ ನಿಜವಾಗಿರಬೇಕಿಲ್ಲ. ಕೊಟ್ಟ ಮಾತಿಗೆ ತಪ್ಪಬಾರದು, ಅಷ್ಟೇ. ಇನ್ನು ಮೂರನೆಯ "ಸುಳ್ಳ" ಎಂದರೆ ಬೇಸರ ತರಿಸಿತು, ಚೆನ್ನಾಗಿಲ್ಲ ಎಂದು ಅರ್ಥ. ಅದಕ್ಕೆ ಸೂತ್ರವೂ ಇಲ್ಲ, ಸಾಕ್ಷಿಯೂ ಇಲ್ಲ.

ಎರಡನೆಯ ಬಗೆಯ ತಪ್ಪನ್ನು ಹಿಡಿಯುವ ಕಣ್ಣು ಈ ಭಾಗದವರಿಗೆ ಹೊಸದಲ್ಲ. ರಬಕವಿ-ಬನಹಟ್ಟಿ ಮಗ್ಗಗಳ ಊರು. ಹಾಸಿನಲ್ಲಿ ಒಂದು ಎಳೆ ತಪ್ಪಿದರೆ ಅದು ಸೀರೆಯ ಉದ್ದಕ್ಕೂ ಗೆರೆಯಾಗಿ ಓಡುತ್ತದೆ. ದಡಿಯ ಹೂವಿನ ವಿನ್ಯಾಸ ಮರಳಿ ಮರಳಿ ಬರುವಾಗ ಒಂದು ಕಡೆ ಕೂಡದಿದ್ದರೆ ಗಿರಾಕಿಗೆ ಕಾಣದಿರಬಹುದು, ನೇಕಾರನ ಮನೆಯ ಮಗುವಿಗೆ ಕಾಣುತ್ತದೆ. ಇಪ್ಪತ್ತನೆಯ ಕಂತಿನ ಎಳೆ ನೂರನೆಯ ಕಂತಿನಲ್ಲಿ ಕೂಡಲಿಲ್ಲ ಎಂದು ಗೊಣಗುವ ಹುಡುಗಿಯದೂ ಅದೇ ಕಣ್ಣು.

ಉದ್ದನೆಯ ಕಥೆಯ ಎಳೆ ಕಾಪಾಡುವ ಕಷ್ಟ ಮುಧೋಳದ ರನ್ನನಿಗೂ ಗೊತ್ತಿತ್ತು. ಸುಮಾರು ಸಾವಿರ ವರ್ಷದ ಹಿಂದೆ ಅವನು 'ಗದಾಯುದ್ಧ' ಬರೆಯುವಾಗ ಕಥೆಯನ್ನು ಯುದ್ಧದ ಕೊನೆಯ ದಿನಗಳಿಂದ ಹಿಡಿದು, ಹಿಂದಿನ ಭಾರತವನ್ನೆಲ್ಲ ಹೊರಳಿ ನೋಡುತ್ತ ಹೇಳಿದ. ಸಿಂಹ ನಡೆಯುತ್ತ ನಡೆಯುತ್ತ ಹಿಂದಿರುಗಿ ನೋಡುವಂತೆ. ಅದಕ್ಕೇ ಸಿಂಹಾವಲೋಕನ ಎಂಬ ಹೆಸರು. ಈಗಿನ ಧಾರಾವಾಹಿಯವರು ಪ್ರತಿ ಕಂತಿನ ಮೊದಲು "ಹಿಂದಿನ ಸಂಚಿಕೆಯಲ್ಲಿ" ಎಂದು ತೋರಿಸುವುದು ಇದರ ಬಡ ತಮ್ಮ. ಒಂದು ವ್ಯತ್ಯಾಸ ಮಾತ್ರ ಇದೆ. ರನ್ನ ಒಬ್ಬನೇ ಬರೆದ, ಮುಗಿಸಿ ಓದುಗರ ಮುಂದಿಟ್ಟ. ಧಾರಾವಾಹಿಯನ್ನು ಹತ್ತಾರು ಜನ ಬರೆಯುತ್ತಾರೆ, ಕೊನೆ ಗೊತ್ತಿಲ್ಲದೆ ಬರೆಯುತ್ತಾರೆ, ವಾರ ತಪ್ಪಿಸದೆ ಬರೆಯುತ್ತಾರೆ. ಎಳೆ ತಪ್ಪದಿದ್ದರೇ ಆಶ್ಚರ್ಯ.

ಶಕ್ತಿಮಾನ್ ವಾದಗಳಲ್ಲಿ ಹೆಚ್ಚು ಕಾವೇರಿದ್ದು ಮುಖ ಬದಲಾದಾಗ. ಪತ್ರಕರ್ತೆ ಗೀತಾ ವಿಶ್ವಾಸ್ ಪಾತ್ರದಲ್ಲಿ ಮೊದಲು ಇದ್ದವರು ಕಿಟೂ ಗಿಡ್ವಾನಿ. ನಂತರ ಆ ಪಾತ್ರಕ್ಕೆ ವೈಷ್ಣವಿ ಮಹಂತ್ ಬಂದರು. ಹೆಸರು ಅದೇ, ಕೆಲಸ ಅದೇ, ಮುಖ ಬೇರೆ! "ಗೀತಾನ ಕೊಂದ ಯಾರರ ವೇಷ ಹಾಕ್ಯಾರ, ಕಿಲ್ವಿಷಂದ ಇದು ಕೆಲಸ" ಎನ್ನುವಷ್ಟು ದೂರ ಹೋಗುವ ಮಕ್ಕಳ ಊಹೆ ಕಥೆಗಾರರ ಊಹೆಗಿಂತ ಎಷ್ಟೋ ಸಲ ಚೆನ್ನಾಗಿರುತ್ತದೆ.

ಈ ಗೊಂದಲ ಶ್ರೀಕೃಷ್ಣ ಪಾರಿಜಾತ ನೋಡಿ ಬೆಳೆದ ಹಿರಿಯರಿಗೆ ಬರುವುದೇ ಇಲ್ಲ. ಈ ಸೀಮೆಯ ಈ ಆಟದಲ್ಲಿ ಈ ವರ್ಷದ ಸತ್ಯಭಾಮೆ ಒಬ್ಬರು, ಮುಂದಿನ ವರ್ಷ ಇನ್ನೊಬ್ಬರು. ಪಾತ್ರ ದೊಡ್ಡದು, ಪಾತ್ರಧಾರಿ ಬಂದು ಹೋಗುವವರು. ಪ್ರೇಕ್ಷಕರು ಜಗಳಕ್ಕೆ ಬರುವುದು ಹಾಡಿನ ಮಟ್ಟು ಕೆಡಿಸಿದರೆ, ಬರಬೇಕಾದ ಪದ ನುಂಗಿದರೆ ಮಾತ್ರ. ಬೀಳಗಿ ತಾಲ್ಲೂಕಿನವರಿಗಂತೂ ಇಂಥ ಪ್ರಶ್ನೆ ಆಟದ ಮಾತಾಗಿ ಉಳಿಯಲಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳ್ಳಿಗಳು ಮುಳುಗಿದಾಗ ಜನ ಎತ್ತರದ ಜಾಗಕ್ಕೆ ಹೋಗಿ ಪುನರ್ವಸತಿ ಕೇಂದ್ರಗಳಲ್ಲಿ ಮನೆ ಕಟ್ಟಿಕೊಂಡರು. ಊರಿನ ಹೆಸರನ್ನೂ ಹೊತ್ತುಕೊಂಡೇ ಹೋದರು. ಮಣ್ಣು ಬೇರೆ, ಓಣಿ ಬೇರೆ, ಹೆಸರು ಅದೇ. ಅದು ಅದೇ ಊರೋ ಅಲ್ಲವೋ? ಅಲ್ಲಿಯ ಅಜ್ಜನಿಗೂ ಮೊಮ್ಮಗನಿಗೂ ಉತ್ತರ ಒಂದೇ ಇರಲಾರದು.

'ಡಾಕ್ಟರ್ ಹೂ' ಬರೆಯುವವರು ಇದೇ ಕಗ್ಗಂಟನ್ನು ಒಂದು ಜಾಣತನದಿಂದ ಬಿಡಿಸಿದರು. 1966ರಲ್ಲಿ ನಾಯಕ ವಿಲಿಯಂ ಹಾರ್ಟ್ನೆಲ್ ಅನಾರೋಗ್ಯದಿಂದ ಬಿಡಬೇಕಾಯಿತು. ಧಾರಾವಾಹಿ ನಿಲ್ಲಿಸುವ ಬದಲು, ಈ ನಾಯಕ ನಮ್ಮಂಥ ಮನುಷ್ಯನಲ್ಲ, ಸಾಯುವ ಹೊತ್ತಿಗೆ ಅವನ ದೇಹವೇ ಹೊಸದಾಗುತ್ತದೆ ಎಂದರು. ಪ್ಯಾಟ್ರಿಕ್ ಟ್ರೌಟನ್ ಬಂದರು. ತೊಂದರೆಯೇ ನಿಯಮವಾಯಿತು! ಆದರೆ ನಿಯಮ ಮಾಡಿದ ಮೇಲೆ ಅದು ಕೈ ಕಟ್ಟದೆ ಬಿಡುವುದಿಲ್ಲ. 1976ರ ಕಥೆಯೊಂದರಲ್ಲಿ ಹೀಗೆ ಹನ್ನೆರಡು ಸಲ ಮಾತ್ರ ಬದಲಾಗಬಹುದು ಎಂಬ ಮಾತು ಸೇರಿತು. ಆಗ ನಾಲ್ಕನೆಯ ನಟ ನಡೆದಿದ್ದ. ಹದಿಮೂರು ಜನ್ಮ ಮುಗಿಯುವುದು ಯಾರ ಕಾಲಕ್ಕೋ ಎಂದುಕೊಂಡಿರಬೇಕು. ಅಭಿಮಾನಿಗಳು ಮರೆಯಲಿಲ್ಲ, ಬೆರಳು ಮಡಿಚುತ್ತ ಕುಳಿತರು. 1989ರಲ್ಲಿ ನಿಂತ ಧಾರಾವಾಹಿ 2005ರಲ್ಲಿ ಮತ್ತೆ ಶುರುವಾಯಿತು. 2013ರ ಕ್ರಿಸ್ಮಸ್ ಕಂತಿನ ಹೊತ್ತಿಗೆ ಲೆಕ್ಕ ತೀರಿತ್ತು. ನಾಯಕನ ಸ್ವಜನರು ಅವನಿಗೆ ಹೊಸ ಜನ್ಮಗಳ ಕಂತೆಯನ್ನೇ ಕೊಟ್ಟರು ಎಂದು ಬರೆದು ಪಾರಾದರು. 2020ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೊದಲನೆಯವನೆಂದು ತಿಳಿದಿದ್ದವನಿಗಿಂತ ಮೊದಲೂ ಲೆಕ್ಕವಿಲ್ಲದಷ್ಟು ಜನ್ಮಗಳು ಆಗಿದ್ದವು ಎಂದಾಗ ಅಭಿಮಾನಿಗಳಲ್ಲಿ ಎರಡು ಪಂಗಡವಾಯಿತು. ಬೆರಳು ಮಡಿಚಿದವರಿಗೆ ಸಿಟ್ಟು ಬಂದದ್ದರಲ್ಲಿ ನ್ಯಾಯವಿದೆ. ಲೆಕ್ಕದ ಪುಸ್ತಕವನ್ನೇ ಬದಲಾಯಿಸಿದರೆ ಲೆಕ್ಕ ಬರೆದವನಿಗೆ ಏನು ಬೆಲೆ?

ಅಮೆರಿಕದ 'ಸ್ಟಾರ್ ಟ್ರೆಕ್' ನಮ್ಮವರಿಗೂ ಗೊತ್ತು. 1983ರಲ್ಲಿ ಇನ್ಸಾಟ್-1ಬಿ ಮೇಲೇರಿದ ನಂತರ ದೂರದರ್ಶನ ಸಣ್ಣ ಊರುಗಳಿಗೂ ಬಂತು. ಆ ದಶಕದಲ್ಲಿ ಭಾನುವಾರ ಬೆಳಗ್ಗೆ ಸ್ಟಾರ್ ಟ್ರೆಕ್‌ನ ಹಳೆಯ ಕಂತುಗಳನ್ನು ತೋರಿಸುತ್ತಿದ್ದರು. 1966ರಿಂದ 1969ರವರೆಗೆ ತಯಾರಾದ ಆ ಕಂತುಗಳಲ್ಲಿ ಕ್ಲಿಂಗನ್ ಎಂಬ ಶತ್ರುಗಳ ಹಣೆ ನಮ್ಮ ನಿಮ್ಮ ಹಣೆಯಂತೆ ನುಣುಪಾಗಿತ್ತು. 1979ರಲ್ಲಿ ಚಲನಚಿತ್ರ ಬಂದಾಗ ಕೈಯಲ್ಲಿ ಹಣವಿತ್ತು, ಕ್ಲಿಂಗನ್ನರ ಹಣೆಯ ಮೇಲೆ ಎಲುಬಿನ ಏಣುಗಳು ಎದ್ದವು. ಏಕೆ? ಬಣ್ಣ ಹಚ್ಚುವವರಿಗೆ ಹೆಚ್ಚು ರೊಕ್ಕ ಸಿಕ್ಕಿತು ಎಂಬುದು ನಿಜವಾದ ಕಾರಣ. ಅಭಿಮಾನಿಗಳಿಗೆ ಅದು ಸಾಲದು. ಕಥೆಯೊಳಗಿನ ಕಾರಣ ಬೇಕು. 1996ರ ಒಂದು ಕಂತಿನಲ್ಲಿ ಹಳೆಯ ಚಿತ್ರಿಕೆಗಳನ್ನೂ ಹೊಸ ಪಾತ್ರಗಳನ್ನೂ ಕೂಡಿಸಿದಾಗ ಪ್ರಶ್ನೆ ತಪ್ಪಿಸಿಕೊಳ್ಳುವಂತಿರಲಿಲ್ಲ. ಅಲ್ಲಿಯ ಕ್ಲಿಂಗನ್ ಪಾತ್ರ, ಆ ವಿಷಯ ನಾವು ಹೊರಗಿನವರ ಹತ್ತಿರ ಮಾತಾಡುವುದಿಲ್ಲ ಎಂಬರ್ಥದ ಮಾತು ಹೇಳಿ ಮುಖ ಬಿಗಿದುಕೊಂಡಿತು. ಅಲ್ಲಿಗೆ ಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು! 2005ರಲ್ಲಿ ಎರಡು ಕಂತು ಖರ್ಚು ಮಾಡಿ, ತಳಿ ಪ್ರಯೋಗವೊಂದು ಕೆಟ್ಟು ವೈರಸ್ ಹರಡಿ ಹಣೆ ನುಣುಪಾಯಿತು ಎಂದು ವಿವರಿಸಿದರು. ಹೊಂದಿಕೆ ಸಿಕ್ಕಿತು, ನಗೆ ಹೋಯಿತು.

ಹೊಂದಿಕೆ ಇದ್ದ ಮಾತ್ರಕ್ಕೆ ಕಥೆ ಒಳ್ಳೆಯದಾಗುವುದಿಲ್ಲ ಎಂಬುದಕ್ಕೆ ಅದೇ ಮನೆತನದ ಇನ್ನೊಂದು ಕಂತು ಸಾಕ್ಷಿ. 1987ರ ನಂತರದ ಧಾರಾವಾಹಿಗಳಲ್ಲಿ ಆಕಾಶನೌಕೆಯ ವೇಗಕ್ಕೆ ಹೊಸ ಅಳತೆ ಮಾಡಿದರು. ಹತ್ತು ಎಂದರೆ ಅನಂತ ವೇಗ, ಅದನ್ನು ಮುಟ್ಟಲಾಗದು. ಒಳ್ಳೆಯ ನಿಯಮ. 1996ರ ಜನವರಿಯ 'ವಾಯೇಜರ್' ಕಂತಿನಲ್ಲಿ ಆ ನಿಯಮವನ್ನೇ ಕಥೆಯ ವಸ್ತು ಮಾಡಿಕೊಂಡು, ಹತ್ತನ್ನು ಮುಟ್ಟಿದ ಮನುಷ್ಯರು ಹಲ್ಲಿಯಂಥ ಪ್ರಾಣಿಗಳಾದರು ಎಂದು ತೋರಿಸಿದರು. ಸ್ಟಾರ್ ಟ್ರೆಕ್‌ನ ಕೆಟ್ಟ ಕಂತುಗಳ ಮಾತು ಬಂದಾಗಲೆಲ್ಲ ಅಭಿಮಾನಿಗಳು ಇಂದಿಗೂ ಅದರ ಹೆಸರು ಹೇಳುತ್ತಾರೆ. ತಮಾಷೆಯೆಂದರೆ ಬಣ್ಣಗಾರಿಕೆಗಾಗಿ ಅದಕ್ಕೆ ಎಮ್ಮಿ ಪ್ರಶಸ್ತಿ ಬಂತು!

ಅಭಿಮಾನಿಗಳ ಶಕ್ತಿ ಕಡಿಮೆಯದೇನೂ ಅಲ್ಲ. ಎರಡನೆಯ ವರ್ಷಕ್ಕೇ ಸ್ಟಾರ್ ಟ್ರೆಕ್ ನಿಲ್ಲುವ ಸೂಚನೆ ಕಂಡಾಗ ಪತ್ರಗಳ ಮಳೆ ಸುರಿಸಿ ಮೂರನೆಯ ವರ್ಷ ಗಿಟ್ಟಿಸಿಕೊಂಡರು. ಆ ಮೂರನೆಯ ವರ್ಷವೇ ಎಲ್ಲಕ್ಕಿಂತ ಸಪ್ಪೆ ಎಂದು ಮುಂದೆ ಬಹುಪಾಲು ಅಭಿಮಾನಿಗಳೇ ತೀರ್ಪು ಕೊಟ್ಟರು. ಪ್ರೀತಿಸುವವರೇ ಕಟುವಾಗಿ ಪರೀಕ್ಷಿಸುವುದು ಇಲ್ಲಿಯ ಸೊಗಸು. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ವಿಜ್ಞಾನ ಕಥೆ ಬರೆದರು. ಆದರೆ ಅವುಗಳನ್ನು ಹೀಗೆ ಎಳೆ ಎಳೆಯಾಗಿ ಬಿಡಿಸಿ ಜಗಳಾಡುವ ಓದುಗರ ಗುಂಪು ಅಷ್ಟು ದೊಡ್ಡದಾಗಿ ಬೆಳೆಯಲಿಲ್ಲ. ಅದು ಬರೆಯುವವರಿಗೂ ನಷ್ಟ.

ಕಥೆಯ ತೂತಿಗೆ ತೇಪೆ ಹಾಕುವ ಈ ಕೆಲಸ ವಿಜ್ಞಾನಕ್ಕೆ ಎಷ್ಟು ಹತ್ತಿರ, ಎಲ್ಲಿ ದೂರ? ಹತ್ತೊಂಬತ್ತನೆಯ ಶತಮಾನದ ಒಂದು ನಿಜ ಸಂಗತಿ ಇದನ್ನು ಚೆನ್ನಾಗಿ ತೋರಿಸುತ್ತದೆ. ಯುರೇನಸ್ ಗ್ರಹ ನ್ಯೂಟನ್ನನ ಲೆಕ್ಕದಂತೆ ನಡೆಯುತ್ತಿರಲಿಲ್ಲ. ಹೋದ ವರ್ಷ ಇರಬೇಕಾದಲ್ಲಿ ಇರಲಿಲ್ಲ, ಈ ವರ್ಷವೂ ಇಲ್ಲ. ಫ್ರಾನ್ಸಿನ ಲವೆರಿಯೆ ಒಂದು ತೇಪೆ ಹಾಕಿದ: ಅದರಾಚೆ ಕಾಣದ ಇನ್ನೊಂದು ಗ್ರಹವಿದ್ದು ಎಳೆಯುತ್ತಿರಬೇಕು. ಎಲ್ಲಿರಬೇಕು ಎಂದೂ ಲೆಕ್ಕ ಮಾಡಿ ಬರ್ಲಿನ್ನಿಗೆ ಪತ್ರ ಬರೆದ. 1846ರ ಸೆಪ್ಟೆಂಬರ್ 23ರ ರಾತ್ರಿ ಗಾಲೆ ದೂರದರ್ಶಕ ತಿರುಗಿಸಿ ನೋಡಿದರೆ, ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಸಿಕ್ಕಿತು!

ಅದೇ ಲವೆರಿಯೆ 1859ರಲ್ಲಿ ಬುಧಗ್ರಹದ ಸಣ್ಣ ತಪ್ಪಿಗೂ ಇಂಥದೇ ತೇಪೆ ಹಾಕಿದ. ಬುಧನ ಕಕ್ಷೆ ಶತಮಾನಕ್ಕೆ ಒಂದಿಷ್ಟು ಹೆಚ್ಚೇ ಹೊರಳುತ್ತಿತ್ತು. ಈಗಿನ ಲೆಕ್ಕದಲ್ಲಿ ಆ ಹೆಚ್ಚುವರಿ 43 ಕೋನ ಸೆಕೆಂಡು. ಸೂರ್ಯನ ಹತ್ತಿರ ಇನ್ನೊಂದು ಗ್ರಹ ಇರಬೇಕು ಎಂದ. ಅದಕ್ಕೆ ವಲ್ಕನ್ ಎಂದು ಹೆಸರೂ ಇಟ್ಟಾಯಿತು. (ಸ್ಟಾರ್ ಟ್ರೆಕ್‌ನ ಚೂಪುಗಿವಿಯ ಸ್ಪಾಕ್‌ನ ತವರಿನ ಹೆಸರೂ ಅದೇ.) ಕಂಡೆವೆಂದು ಹೇಳಿದವರಿದ್ದರು. ಗ್ರಹಣದಿಂದ ಗ್ರಹಣಕ್ಕೆ ಹುಡುಕಿದರು. ವಲ್ಕನ್ ಎಲ್ಲೂ ಇರಲಿಲ್ಲ. 1915ರಲ್ಲಿ ಐನ್‌ಸ್ಟೈನ್ ಹೊಸ ಗ್ರಹವನ್ನು ಸೇರಿಸಲಿಲ್ಲ. ಗುರುತ್ವದ ನಿಯಮವನ್ನೇ ತಿದ್ದಿದರು. ಆ 43 ಸೆಕೆಂಡು ತಾನಾಗಿ ಹೊರಬಿತ್ತು. ಒಬ್ಬನೇ ಮನುಷ್ಯ, ಒಂದೇ ಜಾಣತನ, ಎರಡು ತೇಪೆ. ಒಂದು ಹಿಡಿಯಿತು, ಒಂದು ಹರಿಯಿತು. ಯಾವುದು ಹಿಡಿಯುತ್ತದೆ ಎಂಬುದನ್ನು ಆಕಾಶ ನೋಡಿಯೇ ತಿಳಿಯಬೇಕಾಯಿತು. ಕ್ಲಿಂಗನ್ನರ ವೈರಸ್ ಇತ್ತೋ ಇಲ್ಲವೋ ಎಂದು ನೋಡಲು ಯಾವ ದೂರದರ್ಶಕವೂ ಇಲ್ಲ. ಬರೆದವನು ಇತ್ತೆಂದರೆ ಇತ್ತು.

ಈ ವ್ಯತ್ಯಾಸ ತಿಳಿಯದೆ ಹೋದಾಗಿನ ಅಪಾಯ ಸಣ್ಣದಲ್ಲ. ಶಕ್ತಿಮಾನ್ ನಡೆಯುತ್ತಿದ್ದ ಮೊದಲ ಒಂದೆರಡು ವರ್ಷಗಳಲ್ಲೇ, ವೀರ ಬಂದು ಕಾಪಾಡುತ್ತಾನೆಂದು ನಂಬಿ ಮಕ್ಕಳು ಎತ್ತರದಿಂದ ಹಾರಿದ, ಬೆಂಕಿ ಹಚ್ಚಿಕೊಂಡ ವರದಿಗಳು ದೇಶದ ಬೇರೆ ಬೇರೆ ಕಡೆಯಿಂದ ಪತ್ರಿಕೆಗಳಲ್ಲಿ ಬಂದವು. ಧಾರಾವಾಹಿ ನಿಲ್ಲಿಸಿ ಎಂಬ ಕೂಗೆದ್ದಿತು. ಅವಕ್ಕೆ ಧಾರಾವಾಹಿ ಕಾರಣವೆಂಬುದನ್ನು ಮುಕೇಶ್ ಖನ್ನಾ ಒಪ್ಪಲಿಲ್ಲ. ಆದರೂ ಶಕ್ತಿಮಾನನ ವೇಷದಲ್ಲೇ ನಿಂತು, ಇದನ್ನೆಲ್ಲ ಮಾಡಿ ನೋಡಬೇಡಿ ಎಂದು ಮಕ್ಕಳಿಗೆ ಹೇಳಿದರು. ನಮ್ಮ ಕಡೆಯ ಮನೆಗಳ ಮಾಳಿಗೆ ಮೂರು ಮೀಟರ್ ಎತ್ತರವೆಂದು ಹಿಡಿದರೂ ಅಲ್ಲಿಂದ ನೆಲಕ್ಕೆ ಮುಕ್ಕಾಲು ಸೆಕೆಂಡಿನ ಮೇಲೆ ತುಸು. ನೆಲ ಮುಟ್ಟುವಾಗ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್. ಯಾರನ್ನಾದರೂ ಕರೆಯಲು ಬಾಯಿ ತೆರೆಯುವಷ್ಟರಲ್ಲಿ ಮುಗಿದಿರುತ್ತದೆ.

ಆಗ ಎಷ್ಟೋ ಮನೆಗಳಲ್ಲಿ ಟಿ.ವಿ.ಯನ್ನೇ ಬಂದ್ ಮಾಡಿದರು. ಭಯದಲ್ಲಿ ಬೇರೇನು ತೋಚೀತು? ಆದರೆ ಕಟ್ಟೆಯ ಮೇಲೆ ಕುಳಿತು "ಹೋದ ವಾರ ಹಂಗ ಇರಲಿಲ್ಲ" ಎಂದು ಜಗಳಾಡುವ ಹನ್ನೆರಡರ ಹುಡುಗನ ಬಗ್ಗೆ ಅಷ್ಟು ಚಿಂತೆ ಬೇಕಿರಲಿಲ್ಲ. ಅವನಿಗೆ ಕಥೆಯನ್ನು ಯಾರೋ ಬರೆಯುತ್ತಾರೆ, ಬರೆಯುವವರು ತಪ್ಪುತ್ತಾರೆ ಎಂಬುದು ಗೊತ್ತಾಗಿತ್ತು. ಚಿಂತಿಸಬೇಕಾದದ್ದು ಅವನ ಪಕ್ಕದಲ್ಲಿ ಬೆರಳು ಚೀಪುತ್ತ, ಏನೂ ಕೇಳದೆ, ಎಲ್ಲವನ್ನೂ ನಂಬಿ ಕುಳಿತ ಐದು ವರ್ಷದ ತಮ್ಮನ ಬಗ್ಗೆ. ಅವನನ್ನು ವಾದಕ್ಕೆ ಎಳೆದುಕೊಳ್ಳಬೇಕಿತ್ತು. ದೊಡ್ಡವರು ವಾದವನ್ನೇ ನಿಲ್ಲಿಸಿದರು.

2020ರ ಏಪ್ರಿಲ್‌ನಲ್ಲಿ, ಕೊರೋನಾ ಲಾಕ್‌ಡೌನ್ ಹೊತ್ತಿಗೆ, ದೂರದರ್ಶನ ಶಕ್ತಿಮಾನ್ ಅನ್ನು ಮತ್ತೆ ತೋರಿಸಿತು. ಅಂದು ಕಟ್ಟೆಯ ಮೇಲಿದ್ದವರು ಈಗ ಅಪ್ಪ ಅವ್ವಂದಿರು. ಮಕ್ಕಳನ್ನು ಪಕ್ಕಕ್ಕೆ ಕೂಡಿಸಿಕೊಂಡು ನೋಡಿದವರಿಗೆ ನೆನಪಿನಲ್ಲಿದ್ದ ಶಕ್ತಿಮಾನ್ ಪರದೆಯ ಮೇಲಿನವನಿಗಿಂತ ಚೆನ್ನಾಗಿ ಹಾರುತ್ತಿದ್ದ! ಈಗ ಹಳೆಯ ಕಂತುಗಳು ಮೊಬೈಲಿನಲ್ಲೇ ಸಿಗುತ್ತವೆ. ಸಾಕ್ಷಿ ಕರೆಯುವ ಹಂಗಿಲ್ಲ. ಬೇಕಾದಲ್ಲಿ ನಿಲ್ಲಿಸಿ, ಹಿಂದೆ ಸರಿಸಿ ನೋಡಬಹುದು. ಹಾಗೆ ನಿಲ್ಲಿಸಿ ನೋಡಲು ತಕ್ಕ ದೃಶ್ಯವೆಂದರೆ ಬೀಳುತ್ತಿರುವವರನ್ನು ವೀರ ಹಿಡಿಯುವುದು. ಯಾವ ವೀರನಾದರೂ ಆದೀತು.

ಈ ದೃಶ್ಯದ ಮೇಲೆ ಅಮೆರಿಕದಲ್ಲಿ ದೊಡ್ಡ ವಾದವೇ ನಡೆದಿತ್ತು. 1973ರ 'ಸ್ಪೈಡರ್-ಮ್ಯಾನ್' ಚಿತ್ರಕಥೆಯ 121ನೆಯ ಸಂಚಿಕೆಯಲ್ಲಿ ನಾಯಕನ ಗೆಳತಿ ಸೇತುವೆಯ ಮೇಲಿಂದ ಬೀಳುತ್ತಾಳೆ. ಅವನು ಬಲೆಯ ದಾರದಿಂದ ಹಿಡಿಯುತ್ತಾನೆ. ಆದರೂ ಆಕೆ ಸತ್ತಿರುತ್ತಾಳೆ. ಬಿದ್ದದ್ದರಿಂದಲೋ, ಹಿಡಿದದ್ದರಿಂದಲೋ? ಓದುಗರ ಪ್ರಶ್ನೆಗೆ ಪತ್ರಗಳ ಪುಟದಲ್ಲಿ ಸಂಪಾದಕರೇ ಉತ್ತರಿಸಬೇಕಾಯಿತು: ಒಮ್ಮೆಲೇ ನಿಂತ ಹೊಡೆತದಿಂದ. ಮುಂದೆ ಮಿನ್ನೆಸೋಟ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಜೇಮ್ಸ್ ಕಾಕಾಲಿಯೋಸ್ ಇದನ್ನೇ ತರಗತಿಯ ಪಾಠ ಮಾಡಿಕೊಂಡರು.

ಹತ್ತನೆಯ ತರಗತಿಯವರು ಇದನ್ನು ತಾವೇ ಮಾಡಿ ನೋಡಬಹುದು. 45 ಮೀಟರ್ ಬಿದ್ದವರ ವೇಗ ಸೆಕೆಂಡಿಗೆ ಸುಮಾರು 30 ಮೀಟರ್, ಎಂದರೆ ಗಂಟೆಗೆ 108 ಕಿಲೋಮೀಟರ್. ವೀರನ ತೋಳು ಅರ್ಧ ಮೀಟರ್ ಬಗ್ಗಿ ಅವರನ್ನು ನಿಲ್ಲಿಸಿದರೆ ದೇಹದ ಮೇಲೆ ಬೀಳುವ ಹೊಡೆತ ಗುರುತ್ವದ 90 ಪಟ್ಟು. ಉಕ್ಕಿನ ತೋಳಿಗೂ ಬಂಡೆಗೂ ಆಗ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ದೊಡ್ಡ ಲೆಕ್ಕವೂ ಬೇಡ: ಬಿದ್ದ ಎತ್ತರವನ್ನು ನಿಲ್ಲಿಸಿದ ದೂರದಿಂದ ಭಾಗಿಸಿದರೆ ಸಾಕು, ಎಷ್ಟು ಪಟ್ಟು ಎಂಬುದು ಬರುತ್ತದೆ. ಹೊಡೆತ ಹತ್ತು ಪಟ್ಟಿಗೆ ಇಳಿಯಬೇಕಾದರೆ ವೀರ ಅವರನ್ನು ಹಿಡಿದುಕೊಂಡೇ ಇನ್ನೂ ನಾಲ್ಕೂವರೆ ಮೀಟರ್ ಕೆಳಗಿಳಿಯಬೇಕು. ಇಳಿದನೋ ಇಲ್ಲವೋ ಎಂಬುದು ಪರದೆಯ ಮೇಲೇ ಇರುತ್ತದೆ. ಚಿತ್ರವನ್ನು ಹಿಡಿದಾಗೊಮ್ಮೆ, ನಿಂತಾಗೊಮ್ಮೆ ತಡೆದು, ಪಟ್ಟಿ ಇಟ್ಟು ಅಳೆದರಾಯಿತು. ಅಳತೆಗೋಲಿಗೆ ವೀರನ ಎತ್ತರವೇ ಸಾಕು. ಅದನ್ನು ಆರಡಿ ಎಂದು ಹಿಡಿಯುವುದೋ ಐದೂವರೆ ಎಂದು ಹಿಡಿಯುವುದೋ ಎಂಬಲ್ಲಿ ಮತ್ತೆ ಜಗಳ ಹತ್ತುತ್ತದೆ.